ಅಜ್ಜಿಯ ಒಲೆಗೆ ಸ್ಟಾರ್ ಯಾಕೆ ಸಿಗಲಿಲ್ಲ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಇದು ಅದರ ಬರಹ ರೂಪ. ಮಾತಿನಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ.

ಕೆಲಸದ ಮೇಲೆ ವಡೋದರಾಕ್ಕೆ ಬಂದು ಫತೇಗಂಜ್‌ನಲ್ಲಿ ಬಾಡಿಗೆ ಮನೆ ಹಿಡಿದಾಗ ಮೊದಲು ಕೊಂಡಿದ್ದೇ ಫ್ರಿಜ್ಜು. ಇಲ್ಲಿನ ಏಪ್ರಿಲ್ ಬಿಸಿಲಿಗೆ ಅದಿಲ್ಲದೆ ಹಾಲು ಮಧ್ಯಾಹ್ನದವರೆಗೂ ಉಳಿಯಲ್ಲ. ಅಂಗಡಿಯವರು ಬಾಗಿಲ ಮೇಲಿನ ಚೀಟಿ ತೋರಿಸಿ "ಫೈವ್ ಸ್ಟಾರ್ ಛೆ" ಅಂದರು. ರಾತ್ರಿ ಫೋನ್ ಮಾಡಿ ಅಜ್ಜಿಗೆ ಹೇಳಿದೆ. ಅದೇನಪ್ಪ ಸ್ಟಾರು ಅಂದ್ರು. ಕರೆಂಟು ಕಮ್ಮಿ ತಿನ್ನತ್ತೆ ಅಂತ ಸರ್ಕಾರ ಹಾಕೋ ಗುರುತು ಅಂದೆ. "ನಮ್ಮೊಲೆಗೂ ಹಂಗೇ ಹೇಳಿದ್ರು ಕಣಪ್ಪ, ಸೌದೆ ಕಮ್ಮಿ ತಿಂತದೆ ಅಂತ" ಅಂದರು.

ಅಜ್ಜಿ ಹೇಳಿದ್ದು ಅಸ್ತ್ರ ಒಲೆ. ನಮ್ಮೂರು ಕುಣಿಗಲ್ ಕಡೆ. ಈ ಕಥೆ ಶುರುವಾಗೋದೂ ಅಲ್ಲೇ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 'ಅಸ್ತ್ರ' ಅನ್ನೋ ತಂಡ ಕಟ್ಟಿದರು. ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ಒಯ್ಯೋದು ಅದರ ಕೆಲಸ. ರೆಡ್ಡಿಯವರು ವಿದ್ಯುತ್-ರಸಾಯನಶಾಸ್ತ್ರದವರು, ಒಲೆಗೂ ಅವರ ವಿಷಯಕ್ಕೂ ಏನೂ ಸಂಬಂಧವಿಲ್ಲ. ತಂಡ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಬಿಡಾರ ಹೂಡಿ, ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಲೆಕ್ಕ ಬರೆಯಿತು. ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಯಾರು ಎಷ್ಟು ದೂರ ನಡೀತಾರೆ, ಎಷ್ಟು ಹೊತ್ತು. ಪುರ ಅನ್ನೋ ಊರಿನಲ್ಲಿ ಬಳಕೆಯಾಗೋ ಶಕ್ತಿಯಲ್ಲಿ ನೂರಕ್ಕೆ ಸುಮಾರು 90 ಪಾಲು ಸೌದೆ, ಅದರಲ್ಲಿ ಬಹುಪಾಲು ಅಡುಗೆಗೆ. ವಿದ್ಯುತ್ತಿನದು 1ರ ಆಸುಪಾಸು. ನನಗೆ ಹಿಡಿಸಿದ್ದು ಇನ್ನೊಂದು: ಆ ಪಟ್ಟಿಯಲ್ಲಿ ಮನುಷ್ಯರ ದುಡಿಮೆಯೂ ಒಂದು ಕಲಂ. ಹೆಂಗಸರು, ಮಕ್ಕಳು ಸೌದೆ ಹೊತ್ತು ತಂದ ಗಂಟೆಗಳನ್ನು ಶಕ್ತಿಯ ಲೆಕ್ಕಕ್ಕೆ ಸೇರಿಸಿದ್ದರು. ದೇಶ ವಿದ್ಯುತ್ ಕಂಬಗಳನ್ನು ಎಣಿಸ್ತಿದ್ದ ಕಾಲ ಅದು.

ಹೀಗಾಗಿ ದಕ್ಷತೆ ಹೆಚ್ಚಿಸಬೇಕಾದ ಮೊದಲ ಗೃಹೋಪಕರಣ ಯಾವುದು ಅಂದ್ರೆ ಒಲೆ ಅಂತ ಅವರಿಗೆ ಗೊತ್ತಾಯ್ತು. ಹಳೇ ಒಲೆಯಲ್ಲಿ ಹತ್ತು ಸೌದೆ ಉರಿಸಿದರೆ ಪಾತ್ರೆಗೆ ಸಿಗೋದು ಒಂದರ ಶಾಖ. ಉಳಿದದ್ದು ಗೋಡೆಗೆ, ಸೂರಿಗೆ, ಕಣ್ಣಿಗೆ. 1980ರ ದಶಕದ ಆರಂಭದಲ್ಲಿ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಾಡಿದ ಮೂರು ಕಣ್ಣಿನ ಮಣ್ಣೊಲೆ ಪ್ರಯೋಗಾಲಯದಲ್ಲಿ ನೂರಕ್ಕೆ 40ರ ಹತ್ತಿರ ಮುಟ್ಟಿತು. ಮುಚ್ಚಿದ ಉರಿಗೂಡು, ಸೌದೆಯ ಕೆಳಗೆ ಗಾಳಿಯಾಡಲು ಕಬ್ಬಿಣದ ಜಾಲರಿ, ಬಿಸಿಗಾಳಿ ಎರಡನೇ, ಮೂರನೇ ಪಾತ್ರೆಯ ತಳ ಸವರಿಕೊಂಡು ಹೋಗೋ ದಾರಿ, ಕೊನೆಗೆ ಹೊಗೆಕೊಳವೆ. ಗುಟ್ಟೆಲ್ಲ ಅಳತೆಯಲ್ಲಿ. ಪಾತ್ರೆ ಒಲೆಯ ಕಣ್ಣಿನೊಳಗೆ ಸರಿಯಾಗಿ ಕೂರಬೇಕು, ಸಂದಿ ಬಿಡಬಾರದು.

ನಾನು ಮೂರನೇ ಕ್ಲಾಸಲ್ಲಿದ್ದಾಗ ನಮ್ಮ ಮನೆಗೂ ಆ ಒಲೆ ಬಂತು. ಒಂದು ವರ್ಷ ಚೆನ್ನಾಗೇ ಇತ್ತು, ಊದುಗೊಳವೆ ಮೂಲೆ ಸೇರಿತು. ಆಮೇಲೆ ಮಾವನ ಮದುವೆ. ದೊಡ್ಡ ತಪ್ಪಲೆ ಕೂರಲಿಲ್ಲ ಅಂತ ಚಿಕ್ಕಜ್ಜ ಹಾರೆಯಿಂದ ಕಣ್ಣಿನ ಅಂಚು ಕೆತ್ತಿ ಅಗಲ ಮಾಡಿದರು. ಮದುವೆ ಮುಗೀತು. ದಿನದ ಮುದ್ದೆ ಪಾತ್ರೆಯ ಸುತ್ತ ಎರಡು ಬೆರಳು ಸಂದಿ ಉಳೀತು. ಕೊಳವೆ ಎಳೆಯೋದು ಆ ಸಂದಿಯ ತಣ್ಣನೆ ಗಾಳಿಯನ್ನೇ. ಮಸಿ ಕಟ್ಟಿ ಕೊಳವೆ ಎಳೆಯದ ದಿನ ಅದೇ ಸಂದಿಯಿಂದ ಹೊಗೆ ಒಳಗೆ. ಒಲೆ ಹಾಕಿದವರು ಮತ್ತೆ ಬರಲಿಲ್ಲ. ಊದುಗೊಳವೆ ಮೂಲೆಯಿಂದ ವಾಪಸ್ ಬಂತು.

ನಾವು ಸಾಫ್ಟ್‌ವೇರಿನವರಿಗೆ ಇದು ಗೊತ್ತಿರೋ ಕಥೆ: ನನ್ನ ಲ್ಯಾಪ್‌ಟಾಪಲ್ಲಿ ಓಡತ್ತೆ, ಸರ್ವರಲ್ಲಿ ಓಡಲ್ಲ. ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆ ಹಾಕಿತು. ಹಾಕಿದ್ದು ಎಷ್ಟು ಅನ್ನೋದಕ್ಕೆ ಲೆಕ್ಕ ಇತ್ತು, ಎರಡು ವರ್ಷದ ನಂತರ ಹೊಗೆ ಎಲ್ಲಿಗೆ ಹೋಗ್ತಿದೆ ಅನ್ನೋದಕ್ಕೆ ಅಷ್ಟು ಕಾಳಜಿ ಇರಲಿಲ್ಲ. 2002ರಲ್ಲಿ ಅದು ನಿಂತಿತು.

ಅದೇ 2002ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಬ್ಯೂರೋ ಆಫ್ ಎನರ್ಜಿ ಎಫಿಶಿಯನ್ಸಿ ಹುಟ್ಟಿತು. 2006ರ ಮೇ ತಿಂಗಳಲ್ಲಿ ಸ್ಟಾರ್ ಚೀಟಿ ಶುರು. ಅಮೂಲ್ಯ ರೆಡ್ಡಿ ತೀರಿಕೊಂಡಿದ್ದೂ ಅದೇ ತಿಂಗಳು, 7ರಂದು. ಜನಕ್ಕೆ ಬೇಕಿರೋದು ಯೂನಿಟ್ಟಲ್ಲ, ಬೆಳಕು, ಬೆಂದ ಅನ್ನ ಅಂತ ಜೀವನವಿಡೀ ವಾದಿಸಿದವರು. 1991ರಲ್ಲಿ ಅವರ ತಂಡ ಕರ್ನಾಟಕಕ್ಕೆ ಒಂದು ವಿದ್ಯುತ್ ಯೋಜನೆ ಬರೆದು, ದಕ್ಷ ಬಲ್ಬು, ಸೋಲಾರ್ ನೀರು ಕಾಯಿಸೋ ಸಾಧನ ಇತ್ಯಾದಿ ಬಂದರೆ ಸರ್ಕಾರಿ ಅಂದಾಜಿನ ಅರ್ಧಕ್ಕಿಂತ ಕಡಿಮೆ ವಿದ್ಯುತ್ತೇ ಸಾಕು ಅಂತ ತೋರಿಸಿತ್ತು.

ಚೀಟಿ ಗೆದ್ದಿದ್ದು ಹೇಗೆ? ಈ ಊರಲ್ಲೇ ಒಂದು ಉತ್ತರ ಇದೆ. ವಡೋದರಾದ ಮಕರಪುರಾದಲ್ಲಿ ಎರ್ಡಾ ಅನ್ನೋ ವಿದ್ಯುತ್ ಉಪಕರಣಗಳ ಪರೀಕ್ಷಾ ಸಂಸ್ಥೆ ಇದೆ. ಅದೂ 1974ರದ್ದೇ, ಅಸ್ತ್ರದ ಓರಗೆಯದು. ಫ್ರಿಜ್ಜಾಗಲಿ ಫ್ಯಾನಾಗಲಿ ಕಾರ್ಖಾನೆಯಲ್ಲೇ ಅಳತೆ ಮುಗಿಸಿಕೊಂಡು ಬರತ್ತೆ. ಇಂಥ ಪ್ರಯೋಗಾಲಯಕ್ಕೆ ಒಂದನ್ನು ಒಯ್ದು ಮೀಟರ್ ಹಚ್ಚಿದರೆ ಉಳಿದ ಸಾವಿರದ್ದೂ ಸುಮಾರಾಗಿ ಗೊತ್ತಾಗತ್ತೆ. 2010ರಲ್ಲಿ ಫ್ರಾಸ್ಟ್ ಫ್ರೀ ಫ್ರಿಜ್ಜು, ಏಸಿಗೆ ಚೀಟಿ ಕಡ್ಡಾಯವಾಯ್ತು, 2023ರಲ್ಲಿ ಸೀಲಿಂಗ್ ಫ್ಯಾನಿಗೂ. 75 ವ್ಯಾಟಿನ ಹಳೇ ಫ್ಯಾನಿನ ಗಾಳಿ ಈಗ 30ರ ಆಸುಪಾಸಿನಲ್ಲೇ ಸಿಗತ್ತೆ. ಮಣ್ಣೊಲೆ ಹಾಗಲ್ಲ, ಪ್ರತಿ ಮನೆಯಲ್ಲೂ ಹೊಸದಾಗಿ ಹುಟ್ಟೋ ಯಂತ್ರ. ಅದಕ್ಕೆ ಬೇಕಿದ್ದದ್ದು ಚೀಟಿಗಿಂತ ಹೆಚ್ಚಾಗಿ ವರ್ಷಕ್ಕೊಮ್ಮೆ ಬಂದು ಕಣ್ಣಿಗೆ ಮಣ್ಣು ಮೆತ್ತೋ ಒಬ್ಬ ಕೆಲಸಗಾರ. ಆ ಸಂಬಳಕ್ಕೆ ಕಲಂ ಇರಲಿಲ್ಲ ಅಂತ ನನ್ನ ಅನಿಸಿಕೆ. ವಿನ್ಯಾಸ ಸೋತಿತು ಅಂತ ಹೇಳೋದನ್ನ ನಾನು ಒಪ್ಪಲ್ಲ.

ಅಜ್ಜಿ ಮನೆಗೆ ಈಗ ಗ್ಯಾಸ್ ಬಂದಿದೆ. ಸ್ನಾನದ ಹಂಡೆಗೆ ಮಾತ್ರ ಇನ್ನೂ ಸೌದೆ. ಹೋದ ವರ್ಷ ಉಸಿರಾಟದ ತೊಂದರೆ ಅಂತ ಆಸ್ಪತ್ರೆಗೆ ಕರಕೊಂಡು ಹೋದಾಗ ಡಾಕ್ಟರು ಎಕ್ಸ್‌ರೇ ನೋಡಿ "ಬೀಡಿ ಸೇದ್ತಿದ್ರಾ ಅಜ್ಜಿ?" ಅಂತ ಕೇಳಿದರು. ಅಜ್ಜಿ ಜೋರಾಗಿ ನಕ್ಕರು, ನಕ್ಕಿದ್ದಕ್ಕೆ ಕೆಮ್ಮು ಬಂತು.