ಇನ್ನೊಂದು ವಿಡಿಯೋ ಕಾಲ್ ಆಪ್ ಯಾಕೆ?

2016ರ ಆಗಸ್ಟ್‌ನಲ್ಲಿ ಗೂಗಲ್ ‘ಡ್ಯುಯೋ’ ಬಿಟ್ಟಾಗ ನನ್ನದೂ ಇದೇ ಪ್ರಶ್ನೆ. ಸ್ಕೈಪ್‌ಗೆ ಆಗಲೇ ಹದಿಮೂರು ವರ್ಷ. ಗೂಗಲ್‌ನದ್ದೇ ಹ್ಯಾಂಗ್‌ಔಟ್ಸ್ ಬೇರೆ ಇತ್ತು. ಡ್ಯುಯೋಗೆ ಫೋನ್ ನಂಬರ್ ಸಾಕು. ಎತ್ತುವ ಮೊದಲೇ ಕರೆದವರ ಮುಖ ಕಾಣುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ನವೆಂಬರ್‌ನಲ್ಲಿ ವಾಟ್ಸಾಪ್ ಕೂಡ ವಿಡಿಯೋ ಕಾಲ್ ಕೊಟ್ಟಿತು. ಎಲ್ಲರ ಫೋನಿನಲ್ಲಿ ಇದ್ದದ್ದು ಅದೇ ತಾನೇ!

ಆದರೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಎಷ್ಟೋ ಮನೆಗಳ ಮಕ್ಕಳಿರುವುದು ಗಲ್ಫಿನಲ್ಲಿ. ಹಿಂದೆ ಅವರಮ್ಮಂದಿರು ಪೇಟೆಯ ಎಸ್‌ಟಿಡಿ ಬೂತಿನಲ್ಲಿ ಮೀಟರ್ ನೋಡುತ್ತಾ ಮಾತಾಡುತ್ತಿದ್ದರು. ಯುಎಇಯಲ್ಲಿ ವಾಟ್ಸಾಪ್ ಕಾಲ್‌ಗೆ ತಡೆ. ಹಾಗಾಗಿ ಆಮೇಲೆ ಇಲ್ಲಿನ ಅಮ್ಮನ ಫೋನಿಗೂ ಬೋಟಿಮ್ ಬಂತು. 2022ರಲ್ಲಿ ಡ್ಯುಯೋ ಗೂಗಲ್ ಮೀಟ್‌ನೊಳಗೆ ಸೇರಿಹೋಯಿತು, 2025ರ ಮೇ ತಿಂಗಳಲ್ಲಿ ಸ್ಕೈಪೇ ಮುಚ್ಚಿತು. ಅಮ್ಮನಿಗೆ ಕಂಪನಿ ಯಾವುದಾದರೇನು? ಮಗ ಯಾವುದರಲ್ಲಿ ಸಿಗ್ತಾನೋ ಅದೇ ಫೋನು.