ಗುರು ಮೋಗ್ಲಿಂಗ್

ಹರ್ಮನ್ ಮೋಗ್ಲಿಂಗ್ ಎಂದೊಡನೆ ನಾವು 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’ವನ್ನು ನೆನೆಯುತ್ತೇವೆ, ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆಂದು ಹಾರ ಹಾಕುತ್ತೇವೆ. ಆದರೆ ಅವರು 1836ರಲ್ಲಿ ಬಾಸೆಲ್ ಮಿಶನ್ನಿನಿಂದ ಮಂಗಳೂರಿಗೆ ಬಂದದ್ದು ಪತ್ರಿಕೆ ನಡೆಸಲೆಂದಲ್ಲ. ತಾವು ನಂಬಿದ ಕ್ರಿಸ್ತನನ್ನು ಇತರರಿಗೂ ತಿಳಿಸಲೆಂದು. ಅದನ್ನು ಮರೆಮಾಚುವ ನಮ್ಮ ಸೌಜನ್ಯ ನನಗೆ ಒಪ್ಪಿಗೆಯಿಲ್ಲ.

ಅವರ ಶಿಷ್ಯರಲ್ಲಿ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಮುಖ್ಯರು. 1844ರಲ್ಲಿ ದೀಕ್ಷಾಸ್ನಾನ ಪಡೆದ ಅವರು ಗುರುವಿನ ಹೆಸರನ್ನೂ ಧರಿಸಿ ಹರ್ಮನ್ ಆನಂದರಾವ್ ಆದರು. ಊರು ಕೆರಳಿತು, ಹುಟ್ಟಿದ ಮನೆ ಎರವಾಯಿತು. ಮುಂದೆ ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಗುರುವಿನ ಪಾಲಿಗೆ ಅದು ಧನ್ಯತೆ. ಆ ಮನೆಯವರ ಪಾಲಿಗೆ? ಚರಿತ್ರೆ ಬರೆಯುವವರು ಎರಡನ್ನೂ ಬರೆಯಬೇಕಲ್ಲವೆ?

ಇದೇ ಮೋಗ್ಲಿಂಗರು 1848ರಿಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ತಂದರು. ಹಣದ ನೆರವು ಕ್ಯಾಸಮೇಜರ್ ಎಂಬ ನ್ಯಾಯಾಧೀಶರದು. ಈ ಜನರ ಮನಸ್ಸನ್ನು ಅರಿತರೆ ಸುವಾರ್ತೆಯ ದಾರಿ ಸುಗಮವಾದೀತೆಂಬ ಲೆಕ್ಕಾಚಾರ ಅದರ ಹಿಂದೆ ಇದ್ದಿರಬಹುದು, ಇದ್ದರೇನು? ಬರಿಯ ಲೆಕ್ಕಾಚಾರದಿಂದ ಯಾರೂ ಅಷ್ಟು ಹಸ್ತಪ್ರತಿಗಳ ಸಹವಾಸ ಮಾಡಲಾರರು. ಅನ್ಯರ ಭಕ್ತಿಗೆ ಕಿವಿಗೊಡಲು ಅವರಿಗೆ ಸ್ವಂತ ಭಕ್ತಿ ಅಡ್ಡಬರಲಿಲ್ಲ. ಬಹುಶಃ ನೆರವೇ ಆಯಿತೆಂದು ನಾನು ತಿಳಿದಿದ್ದೇನೆ. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

1860ರಲ್ಲಿ ಮೋಗ್ಲಿಂಗರು ಸ್ವದೇಶಕ್ಕೆ ಹೊರಟುಹೋದರು; 1881ರಲ್ಲಿ ಅಲ್ಲಿಯೇ ತೀರಿಕೊಂಡರು. ಕೌಂಡಿನ್ಯರು ಇಲ್ಲಿ ಉಳಿದು, ಅದೇ ಸುವಾರ್ತೆಯನ್ನು ತಮ್ಮ ಮನೆಮಂದಿ ಇದ್ದ ನಾಡಿನಲ್ಲಿಯೇ ಸಾರುತ್ತಿದ್ದರು.