ಹಂಡೆ ಒಲೆ ಮುಂದೆ ಮೂರು ಚೀಲ

ಹೋದ ದೀಪಾವಳಿಗೆ ಊರಿಗೆ ಹೊರಟಾಗ ಕಾರಿನ ಡಿಕ್ಕಿಯಲ್ಲಿ ಪಟಾಕಿ ಬದಲು ಮೂರು ಚೀಲ ಪೆಲೆಟ್ ಇತ್ತು. ಮರದ ಪುಡಿ, ಸಿಪ್ಪೆ, ಹೊಟ್ಟು ಇಂಥದ್ದನ್ನೆಲ್ಲ ಮಷಿನ್ನಲ್ಲಿ ಒತ್ತಿ, ಕಿರುಬೆರಳಿಗಿಂತ ಸಣ್ಣಗೆ ಕಡ್ಡಿ ಮಾಡಿರ್ತಾರಲ್ಲ, ಅದು. ಯುರೋಪ್, ಅಮೆರಿಕದಲ್ಲಿ ಚಳಿಗಾಲಕ್ಕೆ ಮನೆ ಬಿಸಿ ಮಾಡೋಕೆ ಇದನ್ನ ಸುಡ್ತಾರೆ. ನನ್ನ ಉದ್ದೇಶ ಅಷ್ಟು ದೊಡ್ಡದಲ್ಲ. ಅವ್ವನ ಬಚ್ಚಲ ಒಲೆಯ ಹೊಗೆ ನಿಲ್ಲಬೇಕಿತ್ತು.

ಎರಡು ವರ್ಷದಿಂದ ಅವ್ವನಿಗೆ ಕೆಮ್ಮು. ಡಾಕ್ಟರು ಹೊಗೆಯಿಂದ ದೂರ ಇರಿ ಅಂದಿದ್ದಾರೆ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಯ್ತು, ಆದರೆ ಹಂಡೆಗೆ ಮಾತ್ರ ಇವತ್ತಿಗೂ ಸೌದೆಯೇ. ಗೀಸರ್ ಹಾಕಿಸಿಕೊಟ್ಟೆ. ಬೆಳಗಿನ ಹೊತ್ತು ಕರೆಂಟ್ ಇದ್ದರೆ ತಾನೇ? ಇದ್ದ ದಿನವೂ ಆಕೆ ಅದರ ಸ್ವಿಚ್ ಮುಟ್ಟಲ್ಲ. "ಅದ್ರ ನೀರು ಮೈಗೆ ಹತ್ತಲ್ಲ ಕಣ್ಲಾ" ಅಂತಾಳೆ. ಇದಕ್ಕೆ ಯಾವ ಎಂಜಿನಿಯರ್ ಹತ್ತಿರ ಉತ್ತರ ಇದೆ ಹೇಳಿ.

ಚೀಲ ಬಿಚ್ಚಿದ ತಕ್ಷಣ ಒಂದು ಹಿಡಿ ತಗೊಂಡು ಮೂಸಿ ನೋಡಿದಳು.

"ಏನ್ಲಾ ಮಗ, ಹಸೀಗೆ ಫೀಡ್ ತಂದ್ಯಾ?"

ಸುಳ್ಳಲ್ಲ, ಡೈರಿಯಲ್ಲಿ ಕೊಡೋ ಪಶು ಆಹಾರಕ್ಕೂ ಇದಕ್ಕೂ ನೋಡೋಕೆ ವ್ಯತ್ಯಾಸವೇ ಇಲ್ಲ. ಎರಡನ್ನೂ ಹೆಚ್ಚುಕಡಿಮೆ ಒಂದೇ ಥರದ ಮಷಿನ್ ಒತ್ತುತ್ತೆ.

ಫಲಿತಾಂಶ ಆಮೇಲೆ ಹೇಳ್ತೀನಿ. ಅದಕ್ಕಿಂತ ಹಿಂದಿನ ಕಥೆ ನನಗೆ ಹೆಚ್ಚು ಹಿಡಿಸಿತು. ಉರುವಲನ್ನ ಹೋಲಿಸಿ, ತೂಗಿ ನೋಡಿ, ದುಡ್ಡು ಕೊಟ್ಟು ತರೋದು ನಮ್ಮ ಕಡೆಗೆ ಹೊಸದೇನಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತೋಕೆ ಬಂದ. ಶ್ರೀರಂಗಪಟ್ಟಣದಲ್ಲಿ ಮನೆ ಲೆಕ್ಕ ಹಾಕಿದ: ಕೋಟೆಯೊಳಗೆ 4,163, ಗಂಜಾಂನಲ್ಲಿ 2,216. ಮನೆಗೆ ಐದು ಜನ ಅಂತ ಹಿಡಿದು 31,895 ಅಂದ. ಟಿಪ್ಪು ಕಾಲದಲ್ಲಿ ಒಂದೂವರೆ ಲಕ್ಷವಾದರೂ ಇದ್ದಿರಬೇಕು ಅನ್ನೋದು ಅವನ ಅಂದಾಜು. ನನ್ನ ಗಮನ ಹೋಗಿದ್ದು ಈ ಸಂಖ್ಯೆಗಳ ಕಡೆಗಲ್ಲ. ಅದೇ ಪ್ರವಾಸ ಕಥನದಲ್ಲಿ ಆತ ಪಟ್ಟಣದ ಒಲೆ ಬಗ್ಗೆಯೂ ಬರೆದಿದ್ದಾನೆ. ಸೌದೆ ಅಲ್ಲಿ ತುಟ್ಟಿ, ಜನ ಹೆಚ್ಚಾಗಿ ಸುಡೋದು ಬೆರಣಿ. ಹೆಂಗಸರು ಮೇಯೋ ದನದ ಹಿಂದೆಯೇ ಹೋಗಿ ಸಗಣಿ ಬಾಚಿ, ಅರ್ಧ ಇಂಚು ದಪ್ಪ, ಒಂಬತ್ತು ಇಂಚು ಅಗಲ ತಟ್ಟಿ, ಗೋಡೆಗೆ ಬಡಿದು ಒಣಗಿಸ್ತಾರೆ. ಬೆಳಗಾದರೆ ಸುತ್ತಲ ಹಳ್ಳಿಗಳಿಂದ ಬುಟ್ಟಿ ಹೊತ್ತು ಪಟ್ಟಣಕ್ಕೆ ಮಾರೋಕೆ ಬರ್ತಾರೆ.

ಇಂಚು ಸಮೇತ ಅಳತೆ ಬರೆದಿದ್ದಾನೆ ನೋಡಿ! ಇವತ್ತು ಯುರೋಪಿನ ಪೆಲೆಟ್ ಗುಣಮಟ್ಟದಲ್ಲಿ ಇರೋದೂ ಅದೇ ಥರದ ಮಾತು: ವ್ಯಾಸ 6 ಅಥವಾ 8 ಮಿಲಿಮೀಟರ್, ತೇವ ನೂರಕ್ಕೆ ಹತ್ತು ಮೀರಬಾರದು, ಮೇಲ್ದರ್ಜೆಯದ್ದಾದರೆ ಬೂದಿ 0.7 ದಾಟಬಾರದು. ಪಟ್ಟಣದ ಗಿರಾಕಿ ಬೆರಣಿಯನ್ನ ಬೆರಳಲ್ಲಿ ಕುಟ್ಟಿ ಸದ್ದು ಕೇಳಿ ತಗೊಂಡಿದ್ದರೆ, ಅದೂ ತೇವದ ಪರೀಕ್ಷೆಯೇ.

ನಮ್ಮ ನಾಲ್ಕು ತಾಲ್ಲೂಕನ್ನ ಒಲೆಯ ಬಾಯಿಂದ ನೋಡಿದರೆ ನಕ್ಷೆಯೇ ಬೇರೆ. ಶ್ರೀರಂಗಪಟ್ಟಣ, ಪಾಂಡವಪುರ ನಾಲೆ ನೀರಿನ ಸೀಮೆ. ಅಲ್ಲಿ ಕಬ್ಬಿನ ಸಿಪ್ಪೆ, ಭತ್ತದ ಹೊಟ್ಟು. ಕೆ.ಆರ್.ಪೇಟೆ ಕಡೆ ಕಬ್ಬಿನ ಜೊತೆ ತೆಂಗು: ಗರಿ, ಮಟ್ಟೆ, ಕುರುಂಬಾಳೆ, ಚಿಪ್ಪು. ನಾಗಮಂಗಲ ಮಳೆ ನಂಬಿದ ಒಣ ಸೀಮೆ. ಅಲ್ಲಿ ಜಾಲಿ, ಲಂಟಾನ, ಹೊಂಗೆ ಕಡ್ಡಿ, ನೀಲಗಿರಿ, ಮತ್ತೆ ಬೆರಣಿ. ಅವ್ವನ ತವರು ಪಾಂಡವಪುರದ ಕಡೆ, ಕೊಟ್ಟಿದ್ದು ನಾಗಮಂಗಲದ ಕಡೆ. ಸಿಪ್ಪೆ ಸೀಮೆಯಿಂದ ಕಡ್ಡಿ ಸೀಮೆಗೆ ಬಂದವಳು. "ಅಲ್ಲಿ ಉರಿ ಹಾಕೋದು, ಇಲ್ಲಿ ಉರಿ ಹುಡುಕೋದು" ಅಂತ ಹೇಳ್ತಿರ್ತಾಳೆ. ಮದುವೆಯಾದ ಹೊಸದರಲ್ಲಿ ಸೌದೆಗೆ ಅಂತ ಬೆಳಗ್ಗೆ ಹೊರಟರೆ ಬರೋದು ಮಧ್ಯಾಹ್ನವಂತೆ.

ತವರಿನ ಕಥೆ ಅಂದರೆ ಆಲೆಮನೆ. ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಶುರುವಾಗಿ, 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಮಂಡ್ಯ ಕಬ್ಬಿನ ಸೀಮೆಯಾಯ್ತು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ. ಆದರೆ ಕಬ್ಬು ಅದಕ್ಕೂ ಹಳೇದು. ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ 1847ರಲ್ಲೇ ಗ್ರೋವ್ಸ್ ಕಂಪನಿಯವರು ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ತೆರೆದು, ರೈತರ ಬೆಲ್ಲ ಕೊಂಡು ಸಕ್ಕರೆ ಮಾಡ್ತಿದ್ದರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಆ ಸಕ್ಕರೆಗೆ ಪದಕ ಬಂತು. ಪಾಲಹಳ್ಳಿ ಮೇಲೆ ನಾನು ನೂರು ಸಲ ಓಡಾಡಿದ್ದೀನಿ, ಯಾರೂ ಇದನ್ನ ಹೇಳಿರಲಿಲ್ಲ.

ಆಲೆಮನೆಯ ಲೆಕ್ಕ ನನಗೆ ಬಹಳ ಇಷ್ಟ. ನೂರು ಕೆಜಿ ಕಬ್ಬು ಅರೆದರೆ ಸುಮಾರು ಅರವತ್ತು ಕೆಜಿ ಹಾಲು, ಅದನ್ನ ಕಾಯಿಸಿದರೆ ಹತ್ತು ಕೆಜಿ ಆಸುಪಾಸು ಬೆಲ್ಲ. ಅಂದರೆ ಕೊಪ್ಪರಿಗೆಯಿಂದ ಐವತ್ತು ಕೆಜಿ ನೀರು ಆವಿಯಾಗಿ ಹೋಗಬೇಕು. ಅದಕ್ಕೆ ಬೇಕಾದ ಬೆಂಕಿಯನ್ನ ಅದೇ ಕಬ್ಬಿನ ಸಿಪ್ಪೆ, ನಮ್ಮವರು ರಚ್ಚು ಅಂತಾರೆ, ಅಂಗಳದಲ್ಲಿ ಒಣಗಿ ಕೊಡಬೇಕು. ಗಾಣದಿಂದ ಬಂದಾಗ ಅದರಲ್ಲಿ ಅರ್ಧ ನೀರೇ. ಬಿಸಿಲು ಸರಿಯಾಗಿದ್ದು, ಒಲೆ ಕಟ್ಟಿದವನ ಕೈ ಪಳಗಿದ್ದರೆ, ಕಬ್ಬು ತನ್ನನ್ನ ತಾನೇ ಬೇಯಿಸಿಕೊಳ್ಳುತ್ತೆ. ಹೊರಗಿಂದ ಒಂದು ಕಡ್ಡಿ ಸೌದೆ ಬೇಡ. ಒಲೆ ಕೆಟ್ಟದಾಗಿದ್ದರೆ, ಮಳೆ ಹಿಡಿದರೆ, ಲೆಕ್ಕ ತಪ್ಪುತ್ತೆ. ಆಗಲೇ ಹಳೇ ಟೈರು, ಪ್ಲಾಸ್ಟಿಕ್ಕು ಒಲೆಗೆ ಬೀಳೋದು. ಮಂಡ್ಯದ ಆಲೆಮನೆಗಳಿಗೆ ಅಧಿಕಾರಿಗಳು ಇದರ ಬಗ್ಗೆ ಎಚ್ಚರಿಕೆ ಕೊಡೋ ಸುದ್ದಿ ಆಗಾಗ ಓದಿರ್ತೀರಿ. ಬೈಯೋದು ಸುಲಭ. ಆ ಒಲೆಗೆ ಎಷ್ಟು ಶಾಖ ಕಮ್ಮಿ ಬಿತ್ತು ಅಂತ ಕೇಳೋರು ಕಮ್ಮಿ.

ಹಾಗೆ ಕೇಳಿದವರೂ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಅಸ್ತ್ರ ಅನ್ನೋ ಕೇಂದ್ರ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಅದರ ಕೆಲಸ. ಅವರ ಕ್ಷೇತ್ರ ಕೇಂದ್ರ ಇದ್ದಿದ್ದು ಉಂಗ್ರದಲ್ಲಿ, ಕುಣಿಗಲ್ ತಾಲ್ಲೂಕು, ನಮ್ಮ ನಾಗಮಂಗಲದ ಪಕ್ಕದ್ದೇ. ಆ ತಾಲ್ಲೂಕಿನ ಆರು ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಎಷ್ಟು ಸೌದೆ, ಎಷ್ಟು ಹೊತ್ತು, ಹೊತ್ತು ತಂದೋರು ಯಾರು ಅಂತ ಲೆಕ್ಕ ಹಾಕಿದರು. ಹಳ್ಳಿಯವರು ಮರ ಕಡಿದು ಕಾಡು ಹಾಳುಮಾಡ್ತಾರೆ ಅನ್ನೋ ಮಾತಿತ್ತಲ್ಲ, ಅಲ್ಲಿ ಸಿಕ್ಕಿದ್ದು ಬೇರೆ ಚಿತ್ರ. ಬಹುಪಾಲು ಮನೆಗೆ ಬರ್ತಿದ್ದದ್ದು ಆಯ್ದು ತಂದ ಪುಳ್ಳೆ ಕಡ್ಡಿ. ಹಳೇ ಒಲೆಯಲ್ಲಿ ಆ ಕಡ್ಡಿಯ ಶಾಖದ ಹತ್ತನೇ ಒಂದು ಭಾಗದ ಆಸುಪಾಸು ಮಾತ್ರ ಪಾತ್ರೆಗೆ ಸೇರ್ತಿತ್ತು. ಆಮೇಲೆ ಹೊಗೆಕೊಳವೆ ಇರೋ, ಮೂರು ಪಾತ್ರೆ ಕೂರೋ ಅಸ್ತ್ರ ಒಲೆ ಬಂತು. 1980ರ ದಶಕದಲ್ಲಿ ಕೇಂದ್ರ ಸರ್ಕಾರವೂ ದೇಶದ ತುಂಬ ಸುಧಾರಿತ ಒಲೆ ಕಾರ್ಯಕ್ರಮ ಮಾಡಿ, 2002ರಲ್ಲಿ ಮುಗಿಸಿತು. ನಮ್ಮನೆಗೂ ಒಂದು ಹೊಗೆರಹಿತ ಒಲೆ ಬಂದಿತ್ತಂತೆ. ಕೊಳವೆ ಕಟ್ಟಿಕೊಂಡ ಮೇಲೆ ಬಿಡಿಸೋರು ಯಾರೂ ಬರಲಿಲ್ಲ, ಅಜ್ಜಿ ಅದನ್ನ ಒಡೆದು ಮೂರು ಗುಂಡು ಇಟ್ಟಳು.

ಪೆಲೆಟ್ ಕಥೆ ಬರೋದು ಇಲ್ಲಿ. 1973ರ ತೈಲ ಬಿಕ್ಕಟ್ಟಿನ ಹೊಡೆತಕ್ಕೆ ಪಶ್ಚಿಮದವರು ಮರದ ಪುಡಿ ಕಡೆ ತಿರುಗಿದರು. 1980ರ ದಶಕದಲ್ಲಿ ಅಮೆರಿಕದ ಜೆರಿ ವಿಟ್‌ಫೀಲ್ಡ್ ಅನ್ನೋ ಎಂಜಿನಿಯರ್ ಮನೆಗೆ ಹೊಂದೋ ಪೆಲೆಟ್ ಒಲೆ ಮಾಡಿದ. ನಮ್ಮಲ್ಲಿ 2006ರ ಹೊತ್ತಿಗೆ ವಿಜ್ಞಾನ ಸಂಸ್ಥೆಯ ವಿನ್ಯಾಸ ತಗೊಂಡು ಬ್ರಿಟಿಷ್ ತೈಲ ಕಂಪನಿ ಬಿಪಿ, 'ಊರ್ಜಾ' ಹೆಸರಲ್ಲಿ ಒಲೆ ತಂತು. ಬಕೆಟ್ ಥರದ ಒಲೆ, ಕೆಳಗೆ ಬ್ಯಾಟರಿಯ ಸಣ್ಣ ಫ್ಯಾನು. ಪೆಲೆಟ್ ತುಂಬಿ ಮೇಲಿಂದ ಹಚ್ಚಬೇಕು. ಮೊದಲು ಅನಿಲ ಹುಟ್ಟಿ, ಆಮೇಲೆ ಅದು ಜ್ವಾಲೆಯಾಗಿ ಉರಿಯುತ್ತೆ, ಹೊಗೆ ತೀರಾ ಕಮ್ಮಿ. ಕರ್ನಾಟಕ, ಮಹಾರಾಷ್ಟ್ರ ಎಲ್ಲ ಸೇರಿ ಸುಮಾರು ನಾಲ್ಕು ಲಕ್ಷ ಒಲೆ ಮಾರಾಟ ಆಯ್ತು. ಸಣ್ಣ ಸಂಖ್ಯೆಯಲ್ಲ.

ಆಮೇಲೆ? ಒಲೆ ಕೆಡಲಿಲ್ಲ, ಪೆಲೆಟ್ ತುಟ್ಟಿಯಾಯ್ತು. ಅದನ್ನ ಮಾಡ್ತಿದ್ದದ್ದು ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ ಇಂಥದ್ದರಿಂದ. ಅದೇ ಸಿಪ್ಪೆಗೆ ಕಾರ್ಖಾನೆ ಬಾಯ್ಲರುಗಳೂ ಗಿರಾಕಿ. ಸಕ್ಕರೆ ಕಾರ್ಖಾನೆಗಳು ಸಿಪ್ಪೆಯಿಂದ ಕರೆಂಟ್ ಮಾಡಿ ಮಾರೋಕೆ ಶುರುಮಾಡಿದ್ದವು. ಕಸಕ್ಕೆ ಬೆಲೆ ಬಂತು, ಬೆಲೆ ಬಂದ ಕಸ ಮನೆ ಒಲೆಗೆ ಸಿಗಲಿಲ್ಲ. 2009ರಲ್ಲಿ ಬಿಪಿ ಈ ವ್ಯಾಪಾರವನ್ನ ಫಸ್ಟ್ ಎನರ್ಜಿ ಅನ್ನೋ ಕಂಪನಿಗೆ ಬಿಟ್ಟುಕೊಡ್ತು, ಅವರು ಹೋಟೆಲು ಅಡುಗೆಮನೆಗಳ ಕಡೆ ಹೊರಳಿದರು. 2021ರಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಐದು ಪರ್ಸೆಂಟ್ ಪೆಲೆಟ್ ಬೆರೆಸಲೇಬೇಕು ಅಂತ ನೀತಿ ತಂತು. ವಾಯುಮಾಲಿನ್ಯಕ್ಕೆ ಒಳ್ಳೇದೇ ಇರಬಹುದು. ಆದರೆ ವಿದ್ಯುತ್ ಸ್ಥಾವರದ ಜೊತೆ ಹರಾಜಲ್ಲಿ ಕೂತರೆ ಅವ್ವನ ಹಂಡೆ ಗೆಲ್ಲುತ್ತಾ?

ಈಗ ನನ್ನ ಮೂರು ಚೀಲ. ನೀರು ತುಂಬೋ ಹಬ್ಬದ ಸಂಜೆ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ನೀರು ತುಂಬಿಯಾಗಿತ್ತು. ನಲವತ್ತು ಲೀಟರ್ ನೀರನ್ನ ಇಪ್ಪತ್ತೆರಡು ಡಿಗ್ರಿಯಿಂದ ನಲವತ್ತೈದಕ್ಕೆ ತರೋಕೆ ಸುಮಾರು 920 ಕಿಲೋಕ್ಯಾಲರಿ ಸಾಕು. ಒಂದು ಕೆಜಿ ಒಳ್ಳೆ ಪೆಲೆಟ್ಟಲ್ಲಿ ನಾಲ್ಕು ಸಾವಿರಕ್ಕೂ ಮೇಲೆ ಇರುತ್ತೆ. ಕಾಲು ಭಾಗ ಹಂಡೆಗೆ ಮುಟ್ಟಿದರೂ ಒಂದು ಕೆಜಿಯಲ್ಲಿ ಕೆಲಸ ಆಗಬೇಕು. ಎಕ್ಸೆಲ್ ಶೀಟಲ್ಲಿ ಆಯ್ತು ಕೂಡ.

ಒಲೆಯಲ್ಲಿ ಆಗಲಿಲ್ಲ. ಮೊದಲ ಚೀಲ ಬರೀ ಮರದ ಪುಡಿಯದು, ಹೊಂಬಣ್ಣ, ಬೂದಿ ಇಲ್ಲವೇ ಇಲ್ಲ ಅನ್ನಬಹುದು. ಎರಡನೇದು ಕಡಲೆಕಾಯಿ ಸಿಪ್ಪೆ ಬೆರಕೆ, ಬೇಗ ಹತ್ತಿಕೊಳ್ತು, ಬೂದಿ ಸ್ವಲ್ಪ ಜಾಸ್ತಿ. ಮೂರನೇ ಚೀಲದ ಮೇಲೆ ಒಳಗೇನಿದೆ ಅಂತಲೇ ಬರೆದಿರಲಿಲ್ಲ. ಸುಟ್ಟ ಮೇಲೆ ಉಳಿದ ಬೂದಿ ಕಡ್ಡಿಯ ಆಕಾರದಲ್ಲೇ ನಿಂತಿತ್ತು. ಭತ್ತದ ಹೊಟ್ಟು ಅಂತ ಅವ್ವ ಕಣ್ಣಲ್ಲೇ ಹೇಳಿದಳು. ಹೊಟ್ಟಿನ ತೂಕದಲ್ಲಿ ಐದನೇ ಒಂದು ಭಾಗದಷ್ಟು ಬೂದಿಯೇ ಇರುತ್ತೆ. ಕೊಳ್ಳೋದಾದರೆ ಮೊದಲನೇದು ಅಥವಾ ಎರಡನೇದು ಕೊಳ್ಳಿ, ಹೆಸರು ಬರೆಯದ ಬೆರಕೆ ಬೇಡ. ಆದರೆ ಮೂರರದ್ದೂ ಒಂದೇ ರೋಗ: ನೆಲದ ಮೇಲೆ ರಾಶಿ ಹಾಕಿದರೆ ಕಡ್ಡಿಗಳ ಸಂದಿಗೆ ಗಾಳಿ ಹೋಗಲ್ಲ. ಹೊಗೆಯಾಡಿಕೊಂಡು ಕೂತವು. ನಾನು ಟೇಬಲ್ ಫ್ಯಾನ್ ತಂದೆ, ಅವ್ವ ಊದುಗೊಳವೆ ತಂದಳು. ಅರ್ಧ ಗಂಟೆ ಇಬ್ಬರೂ ಕೆಮ್ಮಿದೆವು. ಯಾವ ಹೊಗೆ ತಪ್ಪಿಸೋಕೆ ಅಷ್ಟು ದೂರದಿಂದ ಹೊತ್ತು ತಂದಿದ್ದೆನೋ ಅದರ ಎರಡರಷ್ಟು ಬಚ್ಚಲು ತುಂಬಿತ್ತು. ಕೊನೆಗೆ ನಾಲ್ಕು ತೆಂಗಿನ ಮಟ್ಟೆ ತುರುಕಿ ಹಬ್ಬದ ಎಣ್ಣೆಸ್ನಾನ ಮುಗಿಸಿದೆವು.

ಉಳಿದ ಚೀಲಗಳನ್ನ ಸೂರಿನಡಿ ಬಿಟ್ಟು ಬೆಂಗಳೂರಿಗೆ ಬಂದೆ. ಆಮೇಲೊಂದು ರಾತ್ರಿ ಮಳೆ ಎರಚಲು ಹೊಡೆದು, ಪೆಲೆಟ್ ನೀರು ಕುಡಿದು ಉಬ್ಬಿ, ಬಿರಿದು, ಮತ್ತೆ ಮರದ ಪುಡಿಯಾಯ್ತಂತೆ. ಅವ್ವ ಅದನ್ನ ಎರಡು ದಿನ ಬಿಸಿಲಿಗೆ ಹರವಿದಳು. ಅಟ್ಟದ ಮೇಲಿಂದ ಅಜ್ಜಿ ಕಾಲದ ಹೊಟ್ಟಿನ ಒಲೆ ಇಳಿಸಿದಳು. ತಗಡಿನ ಡಬ್ಬ, ಬುಡದಲ್ಲಿ ತೂತು. ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಪುಡಿ ಗಿಡಿದು, ಬಾಟಲಿ ಎಳೆದರೆ ಗಾಳಿಗೆ ದಾರಿ ತಾನೇ ಆಗುತ್ತೆ. ಕೆಳಗಿಂದ ಒಂದು ಕೊಳ್ಳಿ ಕೊಟ್ಟರೆ ಸದ್ದಿಲ್ಲದೆ ಒಂದೇ ಸಮ ಉರಿ. ಅಂಗಳದಲ್ಲೇ ಇಟ್ಟು ನೀರು ಕಾಯಿಸಿದಳಂತೆ. ಹೊಗೆ ಮೊದಲ ಐದು ನಿಮಿಷ ಮಾತ್ರ.

ಭಾನುವಾರ ಫೋನ್ ಮಾಡಿದ್ದಳು. ಕೆಮ್ಮು ಹೇಗಿದೆ ಅಂದೆ, ಅದನ್ನ ಬಿಟ್ಟು ಬೇರೆಲ್ಲ ಹೇಳಿದಳು. ಇಡೋ ಮುಂಚೆ ಅಂದಳು: "ಇನ್ನೊಂದ್ ಚೀಲ ತತ್ತಾ ಮಗ. ಆದ್ರೆ ಕಡ್ಡಿ ಮಾಡ್ದೇ ಇರೋದು ಸಿಕ್ರೆ ನೋಡು, ನೆನೆಸಿ ಒಣಗ್ಸೋ ಕೆಲ್ಸ ಉಳೀತದೆ."